ಚೆಕ್‌ಪೋಸ್ಟ್ ದಾಟದ ಮಡಿಲಕ್ಕಿ

ಹೋದ ಭಾನುವಾರ ನಾನು ಒಂದು ಭಾಷಣ ಮಾಡಬೇಕಿತ್ತು. ಮಾಡಲಿಲ್ಲ. ಬದಲಿಗೆ ನಡುರಸ್ತೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮುತ್ತುಗದ ಎಲೆಯಲ್ಲಿ ಬೆಲ್ಲದನ್ನ ಉಂಡು ಬಂದೆ.

ಭಾಷಣದ ವಿಷಯ ಸಣ್ಣದೇನಲ್ಲ. "ನಮ್ಮ ಗಡಿಯ ಭವಿಷ್ಯವನ್ನು ಯಾರು ನಿರ್ಧರಿಸಬೇಕು?" ಗೌರಿಬಿದನೂರು ದಾಟಿ, ಇನ್ನೇನು ಆಂಧ್ರ ಬಂತು ಅನ್ನುವ ಕಡೆ ಒಂದು ಹಳ್ಳಿಯಲ್ಲಿ ಸಭೆ. ಮೈಕ್ ಇತ್ತು, ಬ್ಯಾಟರಿ ಇತ್ತು, ಶಾಮಿಯಾನ ಇತ್ತು. ಹಾರ ಕೂಡ ಇತ್ತಂತೆ. ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಬಾಯಿ ಬಂಡವಾಳ ಮಾಡಿಕೊಂಡು ಬದುಕುವ ನನ್ನಂಥವನಿಗೆ ಇನ್ನೇನು ಬೇಕು?

ಈ ಗಡಿಯ ಗಲಾಟೆ ನಿಮಗೆ ಗೊತ್ತಿರುವುದೇ. ರಾಜ್ಯಗಳು ಹಂಚಿಕೆಯಾಗಿ ವರ್ಷಗಳೇ ಆದವು. ಆದರೂ ನಮ್ಮ ಮೈಸೂರು ರಾಜ್ಯದ ಕೋಲಾರ ಜಿಲ್ಲೆಯ ಅಂಚಿನಲ್ಲಿ ಮಾತು ನಿಂತಿಲ್ಲ. ಇಲ್ಲಿನ ತೆಲುಗು ಮಾತಾಡುವ ಹಳ್ಳಿಗಳು ಆ ಕಡೆ ಸೇರಬೇಕು ಅನ್ನುವವರದು ಒಂದು ಗುಂಪು. ಅಲ್ಲಿನ ಕನ್ನಡ ಹಳ್ಳಿಗಳು ಈ ಕಡೆ ಬರಬೇಕು ಅನ್ನುವವರದು ಇನ್ನೊಂದು. ಚಿಂತಾಮಣಿಯ ಕಡೆ ಹೋದರೂ ಇದೇ ಮಾತು, ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರದ ನಡುವೆಯೂ ಇದೇ ಮಾತು. ನಮ್ಮ ಕೋರ್ಟಿನ ಎದುರಿನ ಕಾಫಿ ಹೋಟೆಲಿನಲ್ಲಂತೂ ದಿನಕ್ಕೊಂದು ಸಲ ಗಡಿ ಅತ್ತಿತ್ತ ಸರಿದಾಡುತ್ತದೆ.

ನಾನು ತಯಾರಾಗಿಯೇ ಹೋಗಿದ್ದೆ. ದಿಲ್ಲಿಯವರು ನಿರ್ಧರಿಸಬೇಕೆ? ಜನಗಣತಿಯ ಭಾಷೆಯ ಲೆಕ್ಕ ನಿರ್ಧರಿಸಬೇಕೆ? ಹಳೆಯ ಸರ್ವೆಯ ಕಲ್ಲು ನಿರ್ಧರಿಸಬೇಕೆ? ಮೂರನ್ನೂ ಎತ್ತಿ, ಮೂರನ್ನೂ ಬೀಳಿಸಿ, ಕೊನೆಗೆ "ಜನರೇ ನಿರ್ಧರಿಸಬೇಕು" ಅಂತ ಮೇಜು ಗುದ್ದುವುದು ನನ್ನ ಪ್ಲಾನು. (ಚಪ್ಪಾಳೆಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಯೋಚಿಸಿಟ್ಟಿದ್ದೆ. ವಕೀಲರ ಬುದ್ಧಿ.)

ಶನಿವಾರವೇ ಬಸ್ಸು ಹತ್ತಿ ಅಕ್ಕನ ಊರಿಗೆ ಹೋದೆ. ಅಕ್ಕ ಅಂದರೆ ಗಂಗಮ್ಮ, ನನ್ನ ಸ್ವಂತ ಅಕ್ಕ. ಸಭೆಯ ಹಳ್ಳಿಗೆ ಅವಳ ಊರಿನಿಂದ ಗಾಡಿಯ ದಾರಿ. ಇಬ್ಬರು ಹೇಳಬೇಕಾದ್ದನ್ನು ಒಬ್ಬಳೇ ಹೇಳುವ ಹೆಂಗಸು. ಮನೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು. ಸಿಟ್ಟು ಬಂದರೆ ಎರಡೂ. ಅವಳ ಮಗಳು ಸರೋಜ ಬಾಣಂತನಕ್ಕೆ ಬಂದಿದ್ದವಳು ಭಾನುವಾರ ಬೆಳಿಗ್ಗೆ ಗಂಡನ ಮನೆಗೆ ಹೊರಡುವುದಿತ್ತು. ಗಂಡನ ಮನೆ ಆಂಧ್ರದಲ್ಲಿ. ಆಂಧ್ರ ಅಂದರೆ ದೂರವಲ್ಲ, ಅಕ್ಕನ ಹೊಲದ ದಿಬ್ಬ ಹತ್ತಿದರೆ ಅವರ ಊರಿನ ಹುಣಸೆಮರಗಳು ಕಾಣುತ್ತವೆ.

"ನೀನ್ ಹೋಗೋ ದಾರೀನೇ ಕಣೋ. ಹುಡ್ಗೀನ ಬಿಟ್ಬಿಟ್ಟು ಆಮೇಲೆ ಅದೇನ್ ಮಾತಾಡ್ತೀಯೋ ಮಾತಾಡು" ಅಂದಳು ಅಕ್ಕ. ಬಾಣಂತಿಯನ್ನು ಗಂಡನ ಮನೆ ಸೇರಿಸುವುದು ನಮ್ಮಲ್ಲಿ ಸೋದರಮಾವನ ಕೆಲಸ. ಇಲ್ಲ ಅನ್ನುವ ಹಾಗೇ ಇಲ್ಲ. ಭಾಷಣ ಮಧ್ಯಾಹ್ನಕ್ಕಿತ್ತು, ಒಪ್ಪಿಕೊಂಡೆ.

ಬೆಳಿಗ್ಗೆ ಸರೋಜಳಿಗೆ ಮಡಿಲು ತುಂಬಿದರು. ಹೆಣ್ಣುಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಹಾಕಿ ಸೊಂಟಕ್ಕೆ ಕಟ್ಟುವುದು. ಅಕ್ಕನ ಮನೆತನದಲ್ಲಿ ಇದಕ್ಕೊಂದು ಬಿಗಿ ಇದೆ. ಬಾಣಂತನದ ಮಡಿಲನ್ನು ದಾರಿಯಲ್ಲಿ ಬಿಚ್ಚಕೂಡದು, ಕೆಳಗಿಡಕೂಡದು. ಗಂಡನ ಮನೆಯ ಹೊಸಲಿನಲ್ಲಿ ಅತ್ತೆ ಮೊರ ಒಡ್ಡಬೇಕು, ಸೊಸೆ ಅದಕ್ಕೆ ಸುರಿಯಬೇಕು. ಆ ಅಕ್ಕಿಯಲ್ಲೇ ಮನೆಯವರಿಗೆಲ್ಲ ಅಂದಿನ ಊಟ.

ಅಕ್ಕ ಸುರಿದಳು, ಸುರಿದಳು, ಸುರಿಯುತ್ತಲೇ ಇದ್ದಳು. ಸರೋಜ ಬಗ್ಗಿಹೋದಳು. ಸಾಕು ಬಿಡಕ್ಕ ಅಂದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

ಯಾಕೆ ಅಂತ ನನಗೂ ಗೊತ್ತಿತ್ತು. ಸರೋಜಳಿಗೆ ಇದು ಎರಡನೆಯ ಹೆರಿಗೆ. ಮೊದಲ ಕೂಸು ಹುಟ್ಟಿ ವಾರವೂ ಉಳಿದಿರಲಿಲ್ಲ. ಆ ಸಲ ಅವಳು ಮಡಿಲು ಕಟ್ಟಿಸಿಕೊಳ್ಳದೆಯೇ ಗಂಡನ ಮನೆಗೆ ಹೋಗಿದ್ದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದ ಅಕ್ಕ ಅವತ್ತು ಬಾಯಿ ಬಿಟ್ಟಿರಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿದ್ದು ಅದೊಂದೇ ಸಲ. ಈಗ ಸರೋಜಳ ಹೆಗಲಲ್ಲಿ ಗಂಡು ಕೂಸು ಗುಂಡುಕಲ್ಲಿನ ಹಾಗೆ ನಿದ್ದೆ ಹೊಡೆಯುತ್ತಿತ್ತು. ಅಕ್ಕ ಎರಡು ಹೆರಿಗೆಯ ಅಕ್ಕಿಯನ್ನು ಒಂದೇ ಮಡಿಲಿಗೆ ತುಂಬುತ್ತಿದ್ದಳು.

ಅಕ್ಕನೂ ಗಾಡಿ ಹತ್ತಿದಳು. ಹೊರಟೆವು. ಸಭೆಯ ಹಳ್ಳಿ ಬಂತು, ಶಾಮಿಯಾನ ಏಳುತ್ತಿತ್ತು. ಬೇಗ ಬಂದುಬಿಡ್ತೀನಿ ಅಂತ ಸಂಘಟಕರಿಗೆ ಕೈ ಬೀಸಿದೆ. ಹಳ್ಳಿ ದಾಟಿದ ಕೂಡಲೇ ಚೆಕ್‌ಪೋಸ್ಟ್.

ಚೆಕ್‌ಪೋಸ್ಟ್ ಅಂದರೆ ದೊಡ್ಡದಾಗಿ ಊಹಿಸಬೇಡಿ. ಒಂದು ತಗಡಿನ ಶೆಡ್ಡು. ಎರಡು ಕವೆಗಂಬದ ಮೇಲೆ ಅಡ್ಡಲಾಗಿ ಒಂದು ಬಿದಿರು ಗಳ. ಆಚೆಗೆ ಕೂಗಳತೆಯಲ್ಲಿ ಅವರದೂ ಹಾಗೇ ಒಂದು. ಪರ್ಮಿಟ್ ಇಲ್ಲದೆ ಧಾನ್ಯ ರಾಜ್ಯದ ಗಡಿ ದಾಟಕೂಡದು ಅಂತ ಸರ್ಕಾರದ ಆರ್ಡರ್ ಇದೆಯಲ್ಲ, ಅದನ್ನು ಕಾಯುವುದಕ್ಕೆ ಇವು. ಯಾವ ಕಡೆ ರೇಟು ಹೆಚ್ಚೋ ಆ ಕಡೆಗೆ ಅಕ್ಕಿಗೆ ಕಾಲು ಬರುತ್ತದೆ. ಈ ಸಲ ಆ ಕಡೆ ಹೆಚ್ಚು.

ಗಾರ್ಡ್ ಹೊಸಬ, ಹಾಸನದ ಕಡೆಯವನು, ಹೆಸರು ರುದ್ರಪ್ಪ. ಗಾಡಿ ಬಗ್ಗಿ ನೋಡಿದ. ಕೂಸು ನೋಡಿದ. ಸರೋಜಳ ಸೊಂಟ ನೋಡಿ ಮುಖ ಸಣ್ಣಗೆ ಮಾಡಿಕೊಂಡ. ಇಳಿಸಿ ಹೋಗಬೇಕು ಅಂದ.

ಈ ವಕೀಲನಿಗೆ ಹುರುಪು ಬಂತು. ಕೆಳಗಿಳಿದು ಕೋಟು ಸರಿಮಾಡಿಕೊಂಡೆ. ಇದು ಮಾರಾಟದ ಸರಕಲ್ಲ, ಶಾಸ್ತ್ರದ ವಸ್ತು ಅಂದೆ. ಕಾನೂನಿನ ಉದ್ದೇಶವೇ ಬೇರೆ ಅಂದೆ. ಇನ್ನೂ ಏನೇನೋ ಅಂದೆ. ರುದ್ರಪ್ಪ ಪೂರ್ತಿ ಕೇಳಿಸಿಕೊಂಡು, "ಅಕ್ಕೀನೇ ಅಲ್ವಾ ಸಾರ್?" ಅಂದ. ವಾದ ಅಲ್ಲಿಗೆ ಮುಗಿಯಿತು.

ಅವನನ್ನೂ ಬಯ್ಯುವ ಹಾಗಿಲ್ಲ. ಮಡಿಲಕ್ಕಿ ಅಂತ ಹೇಳಿಕೊಂಡು ಹೋದವರು ಆ ಕಡೆಯ ಹೋಟೆಲಿಗೆ ಅಕ್ಕಿ ಸುರಿದು ಬಂದದ್ದು ಇದೆ. ಹೊಟ್ಟೆಗೆ ಅಕ್ಕಿ ಕಟ್ಟಿಕೊಂಡು ತುಂಬು ಬಸುರಿಯಾಗಿ ಹೋದವರು ಸಂಜೆ ಸಪೂರವಾಗಿ ವಾಪಸು ಬಂದದ್ದೂ ಇದೆ. ಅಂಥ ಒಬ್ಬಳನ್ನು ಬಿಟ್ಟದ್ದಕ್ಕೆ ರುದ್ರಪ್ಪನಿಗೆ ಮೇಲಿನವರಿಂದ ಚೆನ್ನಾಗಿ ಮಂಗಳಾರತಿ ಆಗಿತ್ತು. ಇನ್ನೊಂದು ಸಲ ಆದರೆ ಮನೆಗೇ ಹೋಗು ಅಂದಿದ್ದರಂತೆ. ಅವನು ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ.

"ನಂಗೂ ಗೊತ್ತಮ್ಮ. ನಮ್ಮಕ್ಕಂಗೂ ನಮ್ಮವ್ವ ಕಟ್ಟಿ ಕಳಿಸ್ತಾಳೆ. ಬಿಟ್ರೆ ನನ್ ಕೆಲ್ಸ ಹೋಗುತ್ತೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಬಯ್ಗುಳದ ಮಳೆಯಾಗುತ್ತದೆ ಅಂತ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಬಯ್ಯಲಿಲ್ಲ. ಅವ್ವ ಹೇಗಿದ್ದಾಳೆ, ಊಟಕ್ಕೆ ಏನು ಮಾಡಿಕೊಳ್ತೀಯ ಅಂತ ವಿಚಾರಿಸಿದಳು.

ಆಗ ನಾನೊಂದು ಬುದ್ಧಿವಂತಿಕೆಯ ಸಲಹೆ ಕೊಟ್ಟೆ. ಈ ಅಕ್ಕಿ ಇಲ್ಲೇ ಬಿಡೋಣ, ಆ ಕಡೆ ಅಂಗಡಿಯಲ್ಲಿ ಇಷ್ಟೇ ಅಕ್ಕಿ ಕೊಂಡು ಕಟ್ಟಿದರಾಯಿತು, ಅಕ್ಕಿ ಅಕ್ಕಿಯೇ ತಾನೆ ಅಂದೆ.  ಅದಕ್ಕೆ ಉತ್ತರ ಕೊಟ್ಟವಳು ಸರೋಜ. ಬೆಳಿಗ್ಗೆಯಿಂದ ಅವಳ ದನಿಯೇ ಕೇಳಿರಲಿಲ್ಲ.

"ಹೋದ್ಸಲ ಬರೀ ಮಡ್ಲಲ್ಲಿ ಹೋದೆ ಮಾವ. ಈ ಸಲ ಹೋಗಲ್ಲ."

ನನ್ನ ಕಣ್ಣು ತುಂಬಿ ಬಂತು ಅಂತ ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಅಕ್ಕ ಗಾಡಿಯ ನೆರಳಿನಲ್ಲಿ ಕಂಬಳಿ ಹಾಸಿ ಸರೋಜಳನ್ನು ಕೂರಿಸಿದಳು, ಗಂಟು ನೆಲಕ್ಕೆ ತಾಗದ ಹಾಗೆ ತೊಡೆಯ ಮೇಲೆ ಇರಿಸಿ. ಗಾಡಿ ಹೊಡೆಯುವ ನಾರಾಯಣಪ್ಪನನ್ನು ಕರೆದಳು. ಬೀಗರ ಊರಿಗೆ ನಡೆದು ಹೋಗು, ಬೀಗಿತಿ ನರಸಮ್ಮನನ್ನು ಕರೆದುಕೊಂಡು ಬಾ, ಬರುವಾಗ ಮೊರ ತರಲಿ, ಪಾತ್ರೆ ತರಲಿ ಅಂದಳು. ನಾರಾಯಣಪ್ಪ ಗಳದ ಕೆಳಗೆ ನುಸುಳಿ ಹೋದ. ಅವನ ಮೈಮೇಲೆ ಧಾನ್ಯವಿರಲಿಲ್ಲ, ರುದ್ರಪ್ಪನಿಗೆ ತಡೆಯುವ ಕಾರಣವೂ ಇರಲಿಲ್ಲ.

ಪಾತ್ರೆ ಯಾಕೆ ಅಂತ ಕೇಳಿದೆ. ಸುಮ್ನೆ ಕೂತ್ಕೊ ಅಂದಳು. ಕೂತೆ.

ಬಿಸಿಲೇರಿತು. ದಾರಿಹೋಕರು ನಿಂತರು. ಸಭೆಗೆ ಹೊರಟವರು ಮೊದಲು ಇಲ್ಲಿ ಏನು ಅಂತ ನೋಡಲು ಬಂದರು, ಬಂದವರು ಹೋಗಲಿಲ್ಲ. ಆ ಕಡೆಯ ಚೆಕ್‌ಪೋಸ್ಟಿನವನೂ ಬೇಜಾರು ಕಳೆಯಲು ಹತ್ತಿರ ಬಂದು ನಿಂತ. ಕೊನೆಗೆ ಸಂಘಟಕರೇ ನನ್ನನ್ನು ಹುಡುಕಿಕೊಂಡು ಬಂದರು, ಕೈಯಲ್ಲಿ ಹಾರ. ಜನವೆಲ್ಲ ಇಲ್ಲಿದ್ದಾರೆ ಸಾರ್, ಅಲ್ಲಿ ಮೈಕಿನವನು ಒಬ್ಬನೇ ಇದ್ದಾನೆ ಅಂದರು.

ನರಸಮ್ಮ ಬಂದಳು. ಸಣಕಲು ಹೆಂಗಸು, ಬಿರುಸು ನಡಿಗೆ. ಕಂಕುಳಲ್ಲಿ ಮೊರ, ಹಿಂದೆ ತಾಮ್ರದ ಪಾತ್ರೆ ಹೊತ್ತ ಮಗ, ಅಂದರೆ ಸರೋಜಳ ಗಂಡ. ಅವನ ಹಿಂದೆ ಅರ್ಧ ಊರು. ನರಸಮ್ಮನಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ತೆಲುಗು. ಅಕ್ಕ ನಡೆದದ್ದನ್ನು ಹೇಳಿದಳು. ನರಸಮ್ಮ ಗಳವನ್ನು ನೋಡಿದಳು, ರುದ್ರಪ್ಪನನ್ನು ನೋಡಿದಳು, ಸೊಸೆಯ ತೊಡೆಯ ಮೇಲಿನ ಗಂಟು ನೋಡಿದಳು. ಗಳದ ಕೆಳಗೆ ಬಗ್ಗಿ ಈ ಕಡೆ ಬಂದುಬಿಟ್ಟಳು.

"ಮಾ ಇಂಟಿ ಗಡಪೇ ಇಕ್ಕಡಿಕಿ ವಚ್ಚಿಂದನುಕೋ" ಅಂದಳು. ನಮ್ಮ ಮನೆ ಹೊಸಲೇ ಇಲ್ಲಿಗೆ ಬಂತು ಅಂದುಕೋ ಅಂತ.

ನೆಲದ ಮೇಲೆ ಚೊಂಬಿನ ನೀರು ಚಿಮುಕಿಸಿದಳು. ಬೆರಳಲ್ಲಿ ಒಂದು ಗೆರೆ ಎಳೆದಳು. ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಮೈಸೂರು ರಾಜ್ಯದ ಮಣ್ಣಿನಲ್ಲಿ, ಸರ್ಕಾರಿ ಶೆಡ್ಡಿನ ಮುಂದೆ, ಆಂಧ್ರದ ಒಂದು ಮನೆಯ ಹೊಸಲು ತಯಾರಾಯಿತು. ಯಾವ ಗೆಜೆಟ್ಟಿನಲ್ಲೂ ಬರಲಿಲ್ಲ. ಯಾರೂ ಆಕ್ಷೇಪಣೆ ಸಲ್ಲಿಸಲಿಲ್ಲ.

ಸರೋಜ ಎದ್ದಳು. ನರಸಮ್ಮ ಗೆರೆಯಾಚೆ ನಿಂತು ಮೊರ ಒಡ್ಡಿದಳು. ಸರೋಜ ಗಂಟು ಬಿಚ್ಚಿದಳು, ಅಕ್ಕಿ ಸುರಿಯಿತು. ಮೊರ ತುಂಬಿತು, ಇನ್ನೂ ಸುರಿಯಿತು.  ಹೋದ ಸಲದ ಕತೆ ಗೊತ್ತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನರಸಮ್ಮ ಒಂದು ಹಿಡಿ ಅಕ್ಕಿ ತೆಗೆದು ಅಕ್ಕನ ಸೆರಗಿಗೆ ಹಾಕಿದಳು. ತವರು ಬರಿದಾಗಬಾರದು ಅಂತ ಅವರಲ್ಲೂ ಹೀಗೆ ವಾಪಸು ಕೊಡುತ್ತಾರೆ.

ಸರಿ, ಶಾಸ್ತ್ರವಾಯಿತು. ಆದರೆ ಅಕ್ಕಿ ಇನ್ನೂ ಈ ಕಡೆಯೇ ಇತ್ತಲ್ಲ? ಆ ಅಕ್ಕಿಯನ್ನು ಆ ಮನೆಯವರು ಉಣ್ಣಬೇಕಲ್ಲ?

ಅಕ್ಕ ರುದ್ರಪ್ಪನ ಕಡೆ ತಿರುಗಿದಳು. "ಅಕ್ಕಿ ದಾಟಬಾರ್ದು ಅಂತ ತಾನೆ ನಿನ್ ಆರ್ಡ್ರಲ್ಲಿರೋದು? ಅನ್ನ ದಾಟಬಾರ್ದು ಅಂತ ಇದೆಯೇನಪ್ಪ?"

ರುದ್ರಪ್ಪ ನನ್ನ ಮುಖ ನೋಡಿದ. ಜನವೆಲ್ಲ ನೋಡಿದರು. ನನ್ನ ವಕೀಲಿಯಲ್ಲೇ ಅತ್ಯಂತ ಚಿಕ್ಕ ವಾದವನ್ನು ಅವತ್ತು ಮಂಡಿಸಿದೆ. ಇಲ್ಲ ಅಂದೆ.

ಮೂರು ಕಲ್ಲು ಬಂದವು. ಸೌದೆ ಬಂತು. ನೀರು ಆ ಕಡೆಯ ಬಾವಿಯದು, ಬೆಂಕಿ ಈ ಕಡೆಯ ಹೋಟೆಲಿನದು. ಮಡಿಲಿನ ಬೆಲ್ಲವನ್ನೇ ಕುಟ್ಟಿ ಹಾಕಿದರು, ಮಡಿಲಿನ ಕಾಯಿಯನ್ನೇ ತುರಿದರು. ಬೀಗಿತಿಯರಿಬ್ಬರೂ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನೀರು ಹೆಚ್ಚಾಯಿತು ಅಂತ ಒಬ್ಬಳು, ಕಮ್ಮಿಯಾಯಿತು ಅಂತ ಇನ್ನೊಬ್ಬಳು, ಅವರವರ ಭಾಷೆಯಲ್ಲಿ ಚೆನ್ನಾಗಿ ಜಗಳವಾಡಿದರು. ಅವತ್ತು ಗಡಿಯಲ್ಲಿ ನಡೆದ ಜಗಳ ಅದೊಂದೇ.

ಅನ್ನವಾಯಿತು. ಈಗ ಸೊಸೆ ಆ ಕಡೆ ಹೋಗಬೇಕು. ಹೊಸದಾಗಿ ಕೂಸು ಎತ್ತಿಕೊಂಡವಳು ಗಳದ ಕೆಳಗೆ ಬಗ್ಗಿ ನುಸುಳುವುದು ನರಸಮ್ಮನಿಗೆ ಇಷ್ಟವಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಗಳವನ್ನೇ ನೋಡುತ್ತಾ ನಿಂತಳು. ಗಾಡಿ ಬಂದರೆ ಅದನ್ನು ಮೇಲೆತ್ತುವುದು ರೂಢಿ. ರುದ್ರಪ್ಪ ಮೇಲೆತ್ತಲಿಲ್ಲ. ಕವೆಗಂಬದಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ನೆಲದ ಮೇಲೆ ಅಡ್ಡಲಾಗಿ ಮಲಗಿಸಿದ. ಆಮೇಲೆ ಟೋಪಿ ತೆಗೆದು ಪಕ್ಕಕ್ಕೆ ನಿಂತ.

ಹೊಸಲು ಮಾಡು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೂಸನ್ನು ಎದೆಗವಚಿಕೊಂಡು ಸರೋಜ ಬಲಗಾಲಿಟ್ಟು ದಾಟಿದಳು. ನನ್ನ ಕೊರಳಿಗೆ ಬೀಳಬೇಕಿದ್ದ ಹಾರವನ್ನು ಸಂಘಟಕರ ಕೈಯಿಂದ ಯಾರೋ ತೆಗೆದುಕೊಂಡು ಆ ಗಳದ ಮೇಲೆ ಇಟ್ಟಿದ್ದರು. ಸಂಘಟಕರು ನಕ್ಕರು. ಒಳ್ಳೆಯ ಮನುಷ್ಯರೇ ಪಾಪ.

ಪಾತ್ರೆಯಲ್ಲಿ ಒಂದು ಪಾಲು ಮೊದಲು ಸರೋಜಳ ಗಂಡನ ತಲೆಯ ಮೇಲೆ ಆ ಕಡೆ ಹೋಯಿತು, ಮನೆಯಲ್ಲಿ ಕಾಯುತ್ತಿದ್ದ ಮುದುಕರಿಗೆ. ಉಳಿದದ್ದನ್ನು ಗಳದ ಅಕ್ಕಪಕ್ಕ ಕೂತು ಉಂಡೆವು. ಹಳ್ಳಿಗಳು ಆಂಧ್ರಕ್ಕೆ ಹೋಗಬೇಕು ಅನ್ನುವ ಗುಂಪಿನ ಮುಂದಾಳು ನನ್ನ ಎಡಗಡೆ. ಬರಬೇಕು ಅನ್ನುವ ನಮ್ಮ ಸಂಘಟಕರು ಬಲಗಡೆ. ಡ್ಯೂಟಿಯಲ್ಲಿ ಉಣ್ಣುವ ಹಾಗಿಲ್ಲ ಅಂತ ರುದ್ರಪ್ಪ ಹಿಂಜರಿದ. ಅಕ್ಕ ಎಲೆ ಹಾಕಿ, ನಿಮ್ಮಕ್ಕ ಬಡಿಸಿದ್ರೆ ಬೇಡ ಅಂತೀಯ ಅಂದಳು. ಅವನು ಕೂತ.

ಈಗ ಓದುಗರು ಕೇಳಬಹುದು: ಏನ್ರೀ, ಎರಡು ಹೆಂಗಸರು ಅನ್ನ ಮಾಡಿದರೆ ಗಡಿ ಪ್ರಶ್ನೆ ಬಗೆಹರಿಯಿತೆ?

ಇಲ್ಲ, ಬಗೆಹರಿಯಲಿಲ್ಲ. ಅಷ್ಟು ಭೋಳೆ ನಾನಲ್ಲ. ಶಾಲೆ ಯಾವ ಭಾಷೆಯಲ್ಲಿರಬೇಕು, ಕೋರ್ಟಿನ ನೋಟೀಸು ಯಾರಿಗೆ ಓದಲು ಬರಬೇಕು, ಕೆರೆಯ ತೂಬು ರಿಪೇರಿ ಯಾವ ಸರ್ಕಾರದ್ದು, ಇವೆಲ್ಲ ನಿಜವಾದ ಪ್ರಶ್ನೆಗಳು. ಯಾರೋ ಕೂತು ಬರೆಯಲೇಬೇಕು. ಗೌರಿಬಿದನೂರು ಪಕ್ಕದ ಅಲೀಪುರದ ನನ್ನ ಹಳೆಯ ಕಕ್ಷಿದಾರರೊಬ್ಬರಿದ್ದಾರೆ. ಮನೆಯಲ್ಲಿ ಉರ್ದು, ಕೋರ್ಟಿನಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಅವರದು. ಭಾಷೆ ನೋಡಿ ಊರು ಹಂಚುವುದಾದರೆ ನನ್ನನ್ನು ಎಲ್ಲಿಗೆ ಹಾಕ್ತೀರಿ ವಕೀಲರೇ ಅಂತ ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ.

ಆದರೆ ಬೆಲ್ಲದನ್ನ ಉಣ್ಣುತ್ತಾ ಒಂದು ವಿಷಯ ಹೊಳೆಯಿತು. ನಮ್ಮ ಸಭೆಯ ವೇದಿಕೆಯಲ್ಲಿ ಕೂರಬೇಕಿದ್ದವರು ಯಾರು? ನಾನು, ಸಂಘಟಕರು, ಇನ್ನಿಬ್ಬರು ದೊಡ್ಡ ಮನುಷ್ಯರು. ಎಲ್ಲರೂ ಹುಟ್ಟಿದ ಊರಿನಲ್ಲೇ, ಇಲ್ಲವೆ ಹುಟ್ಟಿದ ಜಿಲ್ಲೆಯಲ್ಲೇ ಬದುಕಿದವರು. ಗಂಡಸರು ತಾನೆ? ಗಡಿ ಅನ್ನುವುದನ್ನು ನಾವು ನೋಡಿದ್ದು ಭೂಪಟದಲ್ಲಿ. ಅದನ್ನು ದಾಟಿ ಹೋಗಿ, ಆ ಕಡೆಯ ಒಲೆ ಹಚ್ಚಿ, ಆ ಕಡೆಯ ಭಾಷೆ ಕಲಿತು, ಆ ಕಡೆಯ ಮಕ್ಕಳನ್ನು ಹೆತ್ತು, ಹಬ್ಬಕ್ಕೆ ಈ ಕಡೆ ಬರುವವರು ಯಾರು? ಗಡಿಯ ಹಳ್ಳಿಗಳ ಯಾವ ಮನೆ ಬೇಕಾದರೂ ಹೊಕ್ಕು ನೋಡಿ. ಒಲೆಯ ಮುಂದೆ ಇರುವವಳು ಆ ಕಡೆಯಿಂದ ಬಂದವಳು, ಹಜಾರದಲ್ಲಿ ಆಡುತ್ತಿರುವವಳು ಆ ಕಡೆ ಹೋಗಲಿರುವವಳು. ಅವರನ್ನು ಯಾವ ಸಮಿತಿಯೂ ಕರೆದು ಕೂರಿಸಿ ಕೇಳಿಲ್ಲ.

"ಜನರೇ ನಿರ್ಧರಿಸಬೇಕು" ಅಂತ ಮೇಜು ಗುದ್ದುವವನಿದ್ದೆನಲ್ಲ, ಆ ಜನರಲ್ಲಿ ಸರೋಜಳನ್ನು ನಾನು ಎಣಿಸಿರಲೇ ಇಲ್ಲ. ನನ್ನ ಜೊತೆ ಅದೇ ಗಾಡಿಯಲ್ಲೇ ಕೂತಿದ್ದಳು.

ಈ ಹೆಂಗಸರ ಕೈಗೆ ಒಂದು ಮಧ್ಯಾಹ್ನ ಗಡಿ ಸಿಕ್ಕಿತು. ಏನು ಮಾಡಿದರು? ರುದ್ರಪ್ಪನ ಕೆಲಸ ಉಳಿಸಿದರು. ಸರ್ಕಾರದ ಆರ್ಡರನ್ನು ಒಂದು ಕಾಳಿನಷ್ಟೂ ಮುರಿಯಲಿಲ್ಲ. ತಮ್ಮ ಶಾಸ್ತ್ರವನ್ನೂ ಬಿಟ್ಟುಕೊಡಲಿಲ್ಲ. ಯಾರನ್ನೂ ಸೋಲಿಸಲಿಲ್ಲ. ನಾವು ವಕೀಲರು ವರ್ಷಗಟ್ಟಲೆ ತೆಗೆದುಕೊಂಡು, ಕೊನೆಗೆ ಇಬ್ಬರಲ್ಲೊಬ್ಬರನ್ನು ಅಳಿಸಿ ಕಳಿಸುತ್ತೇವೆ. ನನಗೆ ಅಕ್ಕನ ಮೇಲೆ ಮೊದಲಿಂದಲೂ ಭಯ ಇತ್ತು, ಪ್ರೀತಿ ಇತ್ತು. ಅವತ್ತು ಹೆಮ್ಮೆಯೂ ಆಯಿತು. ನರಸಮ್ಮನ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚೇ ಆಯಿತು ಅನ್ನಿ. ತನ್ನ ಮನೆಯ ಹೊಸಲನ್ನು ಸೊಸೆಗಾಗಿ ಎತ್ತಿಕೊಂಡು ಬರುವ ಅತ್ತೆಯರು ಎಷ್ಟು ಜನ ಸಿಗುತ್ತಾರೆ?

ಹಿಂತಿರುಗುವಾಗ ಅಕ್ಕ ಸೆರಗಿನ ಹಿಡಿ ಅಕ್ಕಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ದಾರಿಯುದ್ದಕ್ಕೂ, ಪಾತ್ರೆಗೆ ನೀರು ಹೆಚ್ಚೇ ಆಯ್ತು, ಆ ನರಸಮ್ಮ ಕೇಳಲಿಲ್ಲ ಅಂತ ಗೊಣಗುತ್ತಲೇ ಇದ್ದಳು.

ಸಭೆ ಮತ್ತೆ ಇಟ್ಟುಕೊಂಡಿದ್ದಾರೆ. ಮೊನ್ನೆ ಸಂಘಟಕರು ಕೋರ್ಟಿನ ಹತ್ತಿರ ಬಂದು, ಈ ಸಲ ತಪ್ಪಿಸಬೇಡಿ ಸಾರ್ ಅಂದರು. ನಾನು ಬೇಡ, ನನ್ನ ಬದಲು ನಮ್ಮ ಸರೋಜಳನ್ನು ವೇದಿಕೆಗೆ ಕರೆಯಿರಿ ಅಂದೆ. ಅವರು ತಮಾಷೆ ಅಂದುಕೊಂಡರು. ಅಲ್ಲ ಅಂತ ಗೊತ್ತಾದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: "ಆಗ್ಲಿ ಸಾರ್, ಆದ್ರೆ ಪಾಂಪ್ಲೆಟ್ಟಲ್ಲಿ ಅವ್ರನ್ನ ಯಾವ್ ಕಡೆಯವ್ರು ಅಂತ ಹಾಕಣ?"

ನಾನಿನ್ನೂ ಹೇಳಿಲ್ಲ, ನೀವಾಗಿದ್ದರೆ ಏನು ಹಾಕಿಸುತ್ತಿದ್ದಿರಿ?